ಬಂದಿ ಎಂಬ ಒಂದು ಮಾತು

ನಮ್ಮ ಮನೆಯ ಉಪ್ಪಿನ ಗಡಿಗೆಗೆ ಮುಚ್ಚಳ ಎಂದರೆ ಒಂದು ಪಾಟಿ. ಮಕ್ಕಳು ಬಳಪದಿಂದ ಬರೆಯುವ ಕಲ್ಲಿನ ಪಾಟಿ. ಒಂದು ಮೂಲೆ ಒಡೆದಿದೆ, ಕಟ್ಟಿಗೆಯ ಚೌಕಟ್ಟು ಯಾವಾಗಲೋ ಒಲೆಗೆ ಹೋಗಿದೆ. ದುಂಡು ಬಾಯಿಗೆ ಚೌಕ ಮುಚ್ಚಳವೇ ಎಂದು ಬಂದವರು ನಗುತ್ತಾರೆ. ನಗಲಿ. ಮುಚ್ಚಳ ಇರುವುದು ಚೆಂದ ಕಾಣುವುದಕ್ಕೆ ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಆ ಪಾಟಿಯ ಒಂದು ಮಗ್ಗುಲಿಗೆ ಮೊಳೆಯಿಂದ ಕೆತ್ತಿದ ಅಕ್ಷರಗಳಿವೆ. ಆ ಮಗ್ಗುಲನ್ನು ಉಪ್ಪಿನ ಕಡೆಗೆ ಮಾಡಿ ನಾಲ್ಕು ವರ್ಷ ಇಟ್ಟವಳು ನಾನೇ. ಹಾಗೇಕೆ ಇಟ್ಟೆ ಎಂಬುದನ್ನು ನಿಮಗೆ ಹೇಳಬೇಕೆಂದು ಈ ಹಾಳೆ ಹಿಡಿದು ಕುಳಿತಿದ್ದೇನೆ.

ನಾನು ಕಲಿತದ್ದು ಗಡಿಂಗ್ಲಜದಲ್ಲಿ, ಕನ್ನಡದ ಎರಡನೆಯ ಇಯತ್ತೆ, ಎಂದರೆ ಎರಡನೆಯ ತರಗತಿಯವರೆಗೆ. ಕೂಡಿಸಿ ಕೂಡಿಸಿ ಓದುತ್ತೇನೆ. ಒಂದು ಹಾಳೆ ಬರೆಯಲು ಒಂದು ಮಧ್ಯಾಹ್ನ ಬೇಕು. ಲಗ್ನವಾಗಿ ಇಚಲಕರಂಜಿಗೆ ಬಂದ ಮೇಲೆ ಬಳಪ ಹಿಡಿಯುವ ಬೆರಳಿಗೆ ನೂಲು ಬಂತು. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆಗಳನ್ನು ರಾಟೆಯಲ್ಲಿ ಸುತ್ತುವುದು ನಮ್ಮ ಓಣಿಯ ಹೆಂಗಸರ ಕೆಲಸ. ಕೈ ಸುತ್ತುತ್ತಿದ್ದರೆ ಬಾಯಿಗೂ ಮನಸ್ಸಿಗೂ ಬಿಡುವು, ಬಿಡುವಿದ್ದ ಮನಸ್ಸಿಗೆ ಹೆದರಿಕೆ ಬಲು ಬೇಗ ಹೊಂದಿಕೊಳ್ಳುತ್ತದೆ.

ನನ್ನ ಮಗನೂ ಸೊಸೆಯೂ ಇಬ್ಬರೂ ಮಗ್ಗದ ಶೆಡ್ಡಿಗೆ ಹೋಗುವವರು. ಅವರ ಮಗಳು ಕಸ್ತೂರಿ. ಅವಳ ಶಾಲೆಯ ಉಸಾಬರಿ ನನ್ನ ಪಾಲಿಗೆ ಬಂದದ್ದು ಒಂದು ಶಬ್ದದ ತಪ್ಪಿನಿಂದ. ಮರಾಠಿ ಶಾಲೆಯ ಬಾಯಿಯವರು, ಅಲ್ಲಿ ಶಿಕ್ಷಕಿಗೆ ಹಾಗೆನ್ನುತ್ತಾರೆ, ಮೊದಲ ವರ್ಷ ಒಂದು ದಿನ, ‘ಉದ್ಯಾ ಆಈಲಾ ಘೇಊನ ಯೇ’ ಎಂದರಂತೆ, ನಾಳೆ ತಾಯಿಯನ್ನು ಕರೆದುಕೊಂಡು ಬಾ ಎಂದು. ಮರಾಠಿಯಲ್ಲಿ ಆಈ ಎಂದರೆ ಹೆತ್ತವಳು. ನಮ್ಮ ಮನೆಯಲ್ಲಿ ಹೆತ್ತವಳು ಅವ್ವ, ಆಯಿ ಎಂದರೆ ಅಜ್ಜಿ. ಹುಡುಗಿ ನನ್ನನ್ನು ಎಳೆದುಕೊಂಡು ಹೋದಳು. ಬಾಯಿಯವರು ನನ್ನ ಬಿಳಿ ತಲೆ ನೋಡಿದರು, ಆರು ವರ್ಷದ ಹುಡುಗಿಯನ್ನು ನೋಡಿದರು, ಕುರ್ಚಿ ಕೊಟ್ಟರು. ಅಂದಿನಿಂದ ಶಾಲೆಗೆ ನಾನೇ ಆಯಿ. ನಮ್ಮಂಥವರ ಊರಲ್ಲಿ ಬದುಕುವುದೆಂದರೆ ಹೀಗೆ: ಅಂಗಡಿಗೆ ಒಂದು ಭಾಷೆ, ಅಡಿಗೆಮನೆಗೆ ಒಂದು ಭಾಷೆ, ಎರಡರಲ್ಲೂ ಒಂದೇ ಉಡುಪು ತೊಟ್ಟು ಬೇರೆ ಬೇರೆ ಮನೆಗೆ ಹೋಗುವ ಶಬ್ದಗಳು. ನಗು ತರಿಸುವ ತಪ್ಪುಗಳೇ ಬಹಳ. ನಗು ತರಿಸದೆ ಇರುವ ಒಂದು ತಪ್ಪು ಮುಂದೆ ಬರುತ್ತದೆ.

ಕಸ್ತೂರಿ ನಾಲ್ಕನೆಯ ಇಯತ್ತೆಗೆ ಬಂದಾಗ ಪಾಯಪ್ಪ ಮಾಸ್ತರರು ನಮ್ಮ ಓಣಿಯಲ್ಲಿ ಇಂಗ್ಲಿಷ್ ಶಿಕವಣಿ, ಎಂದರೆ ಮನೆಪಾಠ, ಶುರು ಮಾಡಿದರು. ಅವರು ಅಕಿವಾಟದವರು, ಹಗಲೆಲ್ಲ ಶಾಲೆಯಲ್ಲಿ ಕಲಿಸಿ, ಶಾಲೆ ಬಿಟ್ಟ ಮೇಲೆ ಶೆಡ್ಡಿನ ಪಕ್ಕದ ಪಡಸಾಲೆಯಲ್ಲಿ ಹನ್ನೊಂದು ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದರು. ಹನ್ನೊಂದು ಮಕ್ಕಳಿಗೆ ಪುಸ್ತಕ ಒಂದೇ, ಅವರು ಸ್ವತಃ ಕಲಿತ ಹಳೆಯ ಪುಸ್ತಕ. ದಿನಕ್ಕೊಬ್ಬರು ಸರದಿಯಂತೆ ಮನೆಗೆ ಒಯ್ಯಬೇಕು. ಶಾಲೆಯಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ಎಂಟನೆಯ ಇಯತ್ತೆಗೆ. ಎಂಟನೆಯದಕ್ಕೆ ಕಾಲಿಡುವ ಮೊದಲೇ ನಮ್ಮ ಓಣಿಯ ಹುಡುಗಿಯರು ರಾಟೆಯ ಮುಂದೆ ಕೂತಿರುತ್ತಿದ್ದರು. ಅವರಿಗೆ ಆ ಎಂಟನೆಯ ಮೆಟ್ಟಿಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದಕ್ಕೇ ನಾನು ಕಸ್ತೂರಿಯನ್ನು ಮೊದಲೇ ಕಳಿಸಿದೆ: ಒಳಗೆ ಒಂದಿಷ್ಟು ಇಳಿದಿದ್ದರೆ ಹೈಸ್ಕೂಲು ಬಿಡಿಸುವುದು ಅವಳಪ್ಪನಿಗೂ ಕಷ್ಟವಾದೀತು ಎಂಬ ಲೆಕ್ಕ.

ಮಗ್ಗಗಳ ಗದ್ದಲದಲ್ಲಿ ಮಾಸ್ತರರ ದನಿ ಕೇಳುತ್ತಿರಲಿಲ್ಲ. ಅವರು ಬಾಯಿಯನ್ನು ದೊಡ್ಡದಾಗಿ ತೆರೆದು, ತುಟಿಗಳನ್ನು ತಿರುವಿ ತೋರಿಸುತ್ತಿದ್ದರು. ಶೆಡ್ಡಿನ ಮಂದಿಯೂ ಹೀಗೆಯೇ, ಒಬ್ಬರ ತುಟಿ ಒಬ್ಬರು ನೋಡಿ ಮಾತಾಡುವವರು. ಅಂಥವರ ಮಗಳು ಕಸ್ತೂರಿ ಎಲ್ಲರಿಗಿಂತ ಬೇಗ ಹಿಡಿದಳು. ಮನೆಯಲ್ಲಿಯೂ ಸದ್ದಿಲ್ಲದೆ ತುಟಿಗಳನ್ನು ಮುಂದೆ ಚಾಚಿ ಹಿಂದೆ ಎಳೆಯುತ್ತ ಕೂತಿರುತ್ತಿದ್ದಳು.

“ಏನ ತಿನ್ನಾಕತ್ತೀಯ ಒಬ್ಬಾಕೀನ?” ಎಂದೆ ಒಂದು ದಿನ.

“ತಿನ್ನಾಕತ್ತಿಲ್ಲ ಆಯಿ, ಡಬ್ಲ್ಯೂ ಅನ್ನಾಕತ್ತೇನಿ.”

ಹೀಗಾಗಿ ಇಂಗ್ಲಿಷ್ ಎಂದರೆ ನನಗೆ ಇಂದಿಗೂ ಸದ್ದಿಲ್ಲದ ಭಾಷೆ.

ಇಂಥ ಹೊತ್ತಿನಲ್ಲಿ ನಳದ ಕಟ್ಟೆಗೆ ಸುದ್ದಿ ಬಂತು. ನಮ್ಮ ಪಕ್ಕದ ಮನೆಯ ಸುಶೀಲಾಬಾಯಿ ಕೊಲ್ಲಾಪುರದ ಕಡೆಯವಳು, ಪೇಪರು ಓದುವವಳು. ತುಂಬಿದ ಕೊಡ ಎತ್ತುವಾಗ ಅಂದಳು: “ಐಕಲಂತ ಕಾ ಆಜೀ? ಲಹಾನ ಮುಲಾಂಚ್ಯಾ ಇಂಗ್ರಜೀ ಶಿಕವಣೀಲಾ ಬಂದೀ ಯೇಣಾರ ಮ್ಹಣೇ. ಸರಕಾರ ಆಣಣಾರ.” ಸಣ್ಣ ಮಕ್ಕಳ ಇಂಗ್ಲಿಷ್ ಶಿಕವಣಿಗೆ ಸರ್ಕಾರದಿಂದ ಬಂದಿ. ಬೇರೆಯ ಮಾತೆಲ್ಲ ನನಗೆ ತಿಳಿಯಿತು. ಬಂದಿಯೂ ತಿಳಿಯಿತು ಎಂದುಕೊಂಡೆ, ಅಲ್ಲಿಯೇ ಕೆಟ್ಟಿತು. ನಾನು ಬಲ್ಲ ಬಂದಿ ಪುರಾಣದಲ್ಲಿ ಕೇಳಿದ್ದು: ಕೈಗೆ ಸಂಕಲೆ ಹಾಕಿ ಸೆರೆಮನೆಗೆ ಒಯ್ದವನು ಬಂದಿ. ಮಾಸ್ತರರನ್ನು ಒಯ್ಯುತ್ತಾರೆ, ಮಕ್ಕಳನ್ನು ಕಳಿಸಿದವರನ್ನೂ ಒಯ್ಯುತ್ತಾರೆ ಎಂದು ನನ್ನ ತಲೆ ಅರ್ಥ ಮಾಡಿತು. ತುಂಬಿದ ಕೊಡ ಅಲ್ಲಿಯೇ ಬಿಟ್ಟು ಬಂದೆ.

ಸುಶೀಲಾಬಾಯಿಯನ್ನು ಮತ್ತೊಮ್ಮೆ ಕೇಳಬಹುದಿತ್ತಲ್ಲ ಎಂದು ನೀವು ಅನ್ನುತ್ತೀರಿ. ಹೆದರಿದವರು ಕೇಳುವುದಿಲ್ಲ. ಕೇಳಿದರೆ, ‘ಯಾಕ, ನಿನ್ನ ಹುಡುಗೀನೂ ಹೋಗತೈತೇನ?’ ಎಂದು ಎದುರಿನವರು ಕೇಳುತ್ತಾರೆ. ನಾನು ಹುಟ್ಟಿದ್ದು ಸಂಸ್ಥಾನದ ಕಾಲದಲ್ಲಿ. ಸಿಪಾಯಿ ಊರೊಳಗೆ ಬಂದನೆಂದರೆ ನಮ್ಮಪ್ಪ ಕೋಳಿಗಳಿಗೆ ಬುಟ್ಟಿ ಮುಚ್ಚಿ, ತಾನು ಹೊಟ್ಟಿನ ಕೋಣೆಯಲ್ಲಿ ಕೂರುತ್ತಿದ್ದ. ಏನು ತಪ್ಪು ಮಾಡಿದ್ದ? ಏನೂ ಇಲ್ಲ. ತಪ್ಪಿಗೂ ಹೆದರಿಕೆಗೂ ನಮ್ಮ ಮನೆತನದಲ್ಲಿ ಸಂಬಂಧವೇ ಇರಲಿಲ್ಲ. ಅದರ ಮೇಲೆ ನಾವು ಗಡಿಯ ಮಂದಿ. ರಾಜ್ಯಗಳನ್ನು ಬೇರೆ ಮಾಡಿ ಊರುಗಳನ್ನು ಆ ಕಡೆ ಈ ಕಡೆ ಹಂಚಿದ ಮೇಲೆ, ಯಾವ ಭಾಷೆಯಲ್ಲಿ ಅಂಜಬೇಕೆಂಬುದೂ ನಮಗೆ ತಿಳಿಯದಂತಾಗಿತ್ತು.

ಕಂಡಿಕೆ ಸುತ್ತುತ್ತ ಸರ್ಕಾರದ ಮಾತನ್ನು ನಾನು ತೂಗಿ ನೋಡಿದ್ದೂ ಉಂಟು. ಎಳೆಯ ತಲೆಗೆ ಭಾರ ಬೇಡ ಎಂದು ಅವರು ಅನ್ನುತ್ತಾರಂತೆ. ಸುಳ್ಳೆನ್ನಲಾರೆ, ಸಂಜೆಯ ಪಾಠ ಮುಗಿಸಿ ಬಂದ ಹುಡುಗಿ ತಾಟಿನ ಮುಂದೆ ತೂಕಡಿಸಿ ಮೂಗಿಗೆ ಸಾರು ಹಚ್ಚಿಕೊಂಡದ್ದನ್ನು ನೋಡಿದ್ದೇನೆ. ಆದರೆ ಸಿರಿವಂತರ ವಾಡೆಗಳಲ್ಲಿ ಮಾಸ್ತರರನ್ನು ಮನೆಗೇ ಕರೆಸಿ, ಬಾಗಿಲು ಹಾಕಿ ಕಲಿಸುವವರಿದ್ದರು. ಕಾಯಿದೆ ಬಂದರೆ ಆ ಬಾಗಿಲನ್ನು ತಟ್ಟುವುದಿಲ್ಲ. ಬಾಗಿಲೇ ಇಲ್ಲದ ನಮ್ಮ ಪಡಸಾಲೆಗೆ ನೇರ ಬರುತ್ತದೆ. ಭಾರ ಇಳಿಸುತ್ತೇವೆ ಎನ್ನುವವರು ಯಾರ ತಲೆಯ ಮೇಲಿಂದ ಏನನ್ನು ಇಳಿಸುತ್ತಾರೆ ಎಂದು ನೋಡಬೇಕು. ಕೆಲವರ ತಲೆಯ ಮೇಲೆ ಇರುವುದು ಅದೊಂದೇ ಬುಟ್ಟಿ.

ಎಂಟು ದಿನ ಕಳೆದಿರಬೇಕು. ಶಾಲೆ ಬಿಡುವ ಹೊತ್ತಿಗೆ ಖಾಕಿ ಟೊಪ್ಪಿಗೆಯ ಮನುಷ್ಯನೊಬ್ಬ ಸೈಕಲ್ಲು ಒರಗಿಸಿ ನಮ್ಮ ಬಾಗಿಲಿಗೆ ಬಂದ. ಕೈಯಲ್ಲಿ ವಹಿ. “ಘರಾತ ಮಾಣಸಂ ಕಿತೀ? ಲಹಾನ ಮುಲಂ ಕಿತೀ?” ಎಂದ. ಮನೆಯಲ್ಲಿ ಎಷ್ಟು ಮಂದಿ, ಸಣ್ಣ ಮಕ್ಕಳೆಷ್ಟು.

“ಮುಲಂ ನಾಹೀತ,” ಎಂದೆ. ಮಕ್ಕಳೇ ಇಲ್ಲ.

ಅವನು ಅಂಗಳದ ಹಗ್ಗದ ಮೇಲೆ ಒಣಗುತ್ತಿದ್ದ ಫ್ರಾಕನ್ನು ನೋಡಿದ. “ಮಗ ಹಾ ಝಗಾ ಕುಣಾಚಾ?” ಎಂದ, ಹಾಗಾದರೆ ಈ ಫ್ರಾಕು ಯಾರದು ಎಂದು.

“ಮಾಝಾ,” ಎಂದೆ. ನನ್ನದು.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ವಹಿಯಲ್ಲಿ ಏನೋ ಬರೆದುಕೊಂಡು, ಹೋಗುವಾಗ ನಮ್ಮ ಬಾಗಿಲ ಪಕ್ಕದ ಗೋಡೆಗೆ ಕಾವಿಯಿಂದ ಅಕ್ಷರ ಬರೆದು ಹೋದ. ಕನ್ನಡದ್ದಲ್ಲ, ಮರಾಠಿಯದಲ್ಲ. ಸುಶೀಲಾಬಾಯಿಯ ಮನೆಗೆ ಕೀಲಿ ಹಾಕಿತ್ತು, ಅಲ್ಲಿ ಬರೆಯಲಿಲ್ಲ. ಅವಳ ಮನೆಯಿಂದ ಯಾರೂ ಶಿಕವಣಿಗೆ ಹೋಗುತ್ತಿರಲಿಲ್ಲ. ನನಗೆ ಇನ್ನೇನು ಬೇಕು? ತಪ್ಪಿತಸ್ಥರ ಮನೆಗೆ ಗುರುತು ಹಾಕಿ ಹೋಗಿದ್ದಾನೆ.

ನಾನು ಆ ವಯಸ್ಸಿನಲ್ಲಿ ಓಡಿದೆ. ಶಿಕವಣಿ ಆಗಷ್ಟೇ ಶುರುವಾಗಿತ್ತು. ಮಾಸ್ತರರ ಬಾಯಿ ಒಂದು ಅಕ್ಷರದ ಆಕಾರದಲ್ಲಿ ತೆರೆದೇ ಇತ್ತು. ನಾನು ಕಸ್ತೂರಿಯ ರಟ್ಟೆ ಹಿಡಿದು ಎಬ್ಬಿಸಿದೆ. “ಆಯಿ, ಇವತ್ತ ಪುಸ್ತಕದ ಸರದಿ ನಂದೈತಿ!” ಎಂದು ಕೂಗಿದಳು. ಪುಸ್ತಕ ಅವಳ ಕಂಕುಳಲ್ಲೇ ಇತ್ತು. ಬೇರೆ ತಾಯಂದಿರು ಬಾಗಿಲುಗಳಲ್ಲಿ ನಿಂತು ನೋಡಿದರು. ಮನೆಗೆ ಬಂದವಳೇ ಪುಸ್ತಕ ಕಸಿದು, ನೀರು ಕಾಯುತ್ತಿದ್ದ ಹಂಡೆಯ ಒಲೆಗೆ ಹಾಕಿದೆ. ಹಳೆಯ ಕಾಗದ, ಬೇಗ ಹತ್ತಿತು. ಕಸ್ತೂರಿ ಅಳಲಿಲ್ಲ. ಅತ್ತಿದ್ದರೆ ಒಂದು ಏಟು ಕೊಟ್ಟು ನಾನು ಹಗುರಾಗುತ್ತಿದ್ದೆ.

ಅವಳು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ, ಯಾರಿಗೋ ಹೇಳುವಂತೆ ಅಂದಳು:

“ಡಿ. ಡಿ. ಟಿ.”

“ಏನಂದಿ?”

“ಗ್ವಾಡಿ ಮ್ಯಾಗ ಬರದೈತಿ. ಡಿಡಿಟಿ. ಗುಂಗಾಡಕ್ಕ ಹೊಡಿಯೂ ಔಷಧ, ಆಯಿ. ನಾಳೆ ಹೊಡ್ಯಾಕ ಬರ್ತಾರ. ಸಾಳ್ಯಾಗ ಹೇಳ್ಯಾರ.”

ಗುಂಗಾಡ ಎಂದರೆ ಸೊಳ್ಳೆ. ಸೊಳ್ಳೆ ಕೊಲ್ಲುವವನು ಮನೆಗಳನ್ನು ಎಣಿಸಿಕೊಂಡು ಹೋಗಿದ್ದ. ಅದನ್ನು ನನಗೆ ಓದಿ ಹೇಳಲು ಬೇಕಾದಷ್ಟು ಇಂಗ್ಲಿಷ್ ನನ್ನ ಮನೆಯಲ್ಲೇ ಇತ್ತು. ಕೇಳುವುದಕ್ಕೆ ಮುಂಚೆ ನಾನು ಅದನ್ನು ಒಲೆಗೆ ಹಾಕಿದ್ದೆ.

ಮರುದಿನ ಮಾಸ್ತರರ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಪಡಸಾಲೆಯಲ್ಲಿ ಮಕ್ಕಳು ಯಾರೂ ಇರಲಿಲ್ಲ; ನನ್ನನ್ನು ನೋಡಿ ಬೇರೆ ತಾಯಂದಿರೂ ಕಳಿಸಿರಲಿಲ್ಲ.

“ಬಂದಿ ಅಂದ್ರ ತುರಂಗ, ಜೇಲು ಅಲ್ರಿ ಅವ್ವಾರ,” ಎಂದರು. “ಮನಾಯಿ. ಮಾಡಬ್ಯಾಡ ಅನ್ನೂದು. ಅದೂ ಇನ್ನಾ ಪೇಪರದಾಗಿನ ಮಾತು, ಹುಕುಂ ಆಗಿಲ್ಲ.”

“ಹಂಗಾರ ಮತ್ತ ಶುರು ಮಾಡ್ರಿ ಮಾಸ್ತರ. ನಾನ ಮನಿ ಮನಿಗಿ ಹೋಗಿ ಹುಡುಗೂರನ ಕರಕೊಂಡ ಬರ್ತೇನಿ.”

“ಪುಸ್ತಕಾ ಇಲ್ರೀ,” ಎಂದರು. ಆಮೇಲೆ ತುಟಿಯಷ್ಟೇ ಆಡಿಸಿ ಅಂದರು, ನಾನೂ ಶೆಡ್ಡಿನವರ ತಾಯಿಯಲ್ಲವೇ, ಓದಿಕೊಂಡೆ: “ನನಗೂ ಹೆದರಿಕಿ ಐತ್ರಿ. ನಾ ನೌಕರಿ ಮಾಡಾಂವ.”

ಹುಕುಂ ಬರಲಿಲ್ಲ. ಶಿಕವಣಿ ಮಾತ್ರ ನಿಂತಿತು. ಸರ್ಕಾರ ಒಂದು ಕಾಗದ ಖರ್ಚು ಮಾಡದೆ, ಒಬ್ಬ ಸಿಪಾಯಿಯನ್ನು ಕಳಿಸದೆ, ಬಂದೀತು ಎಂಬ ಒಂದು ಮಾತಿನಿಂದಲೇ ಹನ್ನೊಂದು ಮಕ್ಕಳ ಬಾಯಿ ಮುಚ್ಚಿತು; ಉಳಿದ ಕೆಲಸವನ್ನು ಮನೆಮನೆಯ ಅಜ್ಜಿಯರೂ ಅವ್ವಂದಿರೂ ಮುಗಿಸಿಕೊಟ್ಟೆವು. ಕಾಯಿದೆಗೆ ಹೆದರುವವರನ್ನು ಕಾಯಿದೆ ಮಾಡಿಯೇ ತಡೆಯಬೇಕೆಂದಿಲ್ಲ.

ಕಸ್ತೂರಿ ಐದು ದಿನ ನನ್ನೊಡನೆ ಮಾತಾಡಲಿಲ್ಲ. ಆರನೆಯ ದಿನ ನಾನೇ ಅಂದೆ: “ಸರ್ಕಾರ ಬಂದ ನಿನ್ನ ಒಯ್ತೈತಿ ಅಂತ ಅಂಜಿದ್ನೆವ್ವಾ.”

“ಸರ್ಕಾರ ಬರ್ಲಿಲ್ಲಲ್ಲ ಆಯಿ,” ಎಂದಳು. “ನೀ ಬಂದಿ.”

ನಮ್ಮ ಕಡೆಯ ಮಾತಿನಲ್ಲಿ ನೀ ಬಂದಿ ಎಂದರೆ ನೀನು ಬಂದೆ, ಅಷ್ಟೇ. ಒಂಬತ್ತು ವರ್ಷದ ಹುಡುಗಿ ಶ್ಲೇಷೆ ಮಾಡಲಿಲ್ಲ, ನಡೆದದ್ದನ್ನು ಹೇಳಿದಳು. ಆದರೆ ಆ ಒಂದು ಮಾತಿನ ಮೂರು ಅರ್ಥಗಳೂ ಒಟ್ಟಿಗೆ ಬಂದು ನನ್ನ ಎದುರು ಕೂತವು: ಬೇಡವೆಂದವರು, ಸೆರೆಯಾದವರು, ಬಂದವರು. ಮೂರರಲ್ಲೂ ನಾನೇ ಇದ್ದೆ.

ಅದಾದ ಮೇಲೆ ಒಂದು ಮಧ್ಯಾಹ್ನ ಅವಳು ತನಗೆ ನೆನಪಿದ್ದ ಅಕ್ಷರಗಳನ್ನೆಲ್ಲ ಮೊಳೆಯಿಂದ ಪಾಟಿಗೆ ಕೆತ್ತಿದಳು. ಬಳಪದಿಂದ ಬರೆದರೆ ಆಯಿ ಒರೆಸಿಯಾಳು ಎಂಬ ಭಯ. ನಾನು ಅದನ್ನು ಒಲೆಗೆ ಹಾಕಲಿಲ್ಲ, ಹೊರಗಿಡುವ ಧೈರ್ಯವನ್ನೂ ಮಾಡಲಿಲ್ಲ. ಉಪ್ಪಿನ ಗಡಿಗೆಗೆ ಬೋರಲು ಮುಚ್ಚಿದೆ. ಅವಳ ಪಾಲಿನ ಕಂಡಿಕೆಯನ್ನು ಇಂದಿಗೂ ನಾನೇ ಸುತ್ತುತ್ತೇನೆ. ರಾಟೆಗೆ ಅವಳ ಕೈ ಹತ್ತಗೊಟ್ಟಿಲ್ಲ. ಬರುವ ಜೂನಿಗೆ ಎಂಟನೆಯ ಇಯತ್ತೆ. ಅಲ್ಲಿಯವರೆಗೆ ನನ್ನ ಬೆರಳು ನಡೆದರೆ ಸಾಕು.

ನಿನ್ನೆ ನಳದ ಕಟ್ಟೆಗೆ ಮತ್ತೆ ಸುದ್ದಿ ಬಂದಿದೆ. ಇಂಗ್ಲಿಷ್ ಬೇಗ ಶುರು ಮಾಡುತ್ತಾರಂತೆ ಎಂದು ಒಬ್ಬಳು, ಪೂರ್ತಿ ತೆಗೆಯುತ್ತಾರಂತೆ ಎಂದು ಇನ್ನೊಬ್ಬಳು. ನಾನು ಹಿಂದಿನಂತೆಯೇ ಹೆದರಿದೆ. ವಯಸ್ಸಾದರೆ ಹೆದರಿಕೆ ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಸಲ ಮಾತ್ರ ಕೊಡ ಕೆಳಗಿಟ್ಟು, “ಹಂಗಂದ್ರ ಏನ? ಬಿಡಿಸಿ ಹೇಳ್ರಿ,” ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.

ಮನೆಗೆ ಬಂದು ಸಾರಿಗೆ ಉಪ್ಪು ತೆಗೆಯಲು ಪಾಟಿ ಎತ್ತಿದೆ. ನಾಲ್ಕು ವರ್ಷದ ಉಪ್ಪು ಕೆತ್ತಿದ ಗೆರೆಗಳಲ್ಲೆಲ್ಲ ಕೂತು, ಅಕ್ಷರಗಳು ಈಗಷ್ಟೇ ಬಳಪದಿಂದ ಬರೆದಂತೆ ಬೆಳ್ಳಗೆ ನಿಂತಿದ್ದವು. ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಬೇಕಾದಷ್ಟು ಉಪ್ಪು ತೆಗೆದುಕೊಂಡು, ಅಕ್ಷರದ ಮಗ್ಗುಲನ್ನು ಮೇಲೆ ಮಾಡಿ ಗಡಿಗೆ ಮುಚ್ಚಿದೆ.