ಹವಳದ ಗೋಡೆಯಲ್ಲಿ ಒಂದು ಗೇಣು

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಗಾರೆ ಕೆಲಸ ಕಲಿತದ್ದು ಊರಿನ ಹಳೆಯ ಇಗರ್ಜಿಯ ರಿಪೇರಿಯಲ್ಲಿ. ತೂಗುಗುಂಡು ಇಳಿಬಿಟ್ಟು ನಾನು ಎಬ್ಬಿಸಿದ ಗೋಡೆ ನೂಲು ಹಿಡಿದ ಹಾಗೆ ನಿಲ್ಲುತ್ತದೆ. ಈ ಮಾತು ಹೇಳಲು ನನಗೆ ಸಂಕೋಚವಿಲ್ಲ.

ಕೊಲ್ಲಿಗೆ ಬಂದು ಮುಸಫ್ಫಾದ ಕಾರ್ಖಾನೆ ಪ್ರದೇಶದಲ್ಲಿ ನಾಲ್ಕು ವರ್ಷ ಸಿಮೆಂಟ್ ಬ್ಲಾಕ್ ಇಟ್ಟು ಬೇಸತ್ತಿದ್ದೆ. ಸುಣ್ಣದ ಗಾರೆ ಬಲ್ಲವರು ಬೇಕೆಂದು ಕಂಪನಿ ನನ್ನನ್ನು ದುಬೈಗೆ ಕಳಿಸಿತು. ಆಗ ಗ್ರೀನ್ ಲೈನ್ ಮೆಟ್ರೋ ಇನ್ನೂ ಹೊಸದು. ಊರೊಳಗೆ ನುಗ್ಗಿದ ಕಡಲ ನೀರು, ಕ್ರೀಕಿನ ದಡದಲ್ಲಿ, ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುವ ಗೋಪುರವಿದ್ದ ಒಂದು ಹಳೆಯ ಮನೆ. ಕೆಡವಬಾರದೆಂದು ಸರ್ಕಾರ ಕಾಪಾಡಿಟ್ಟದ್ದು. ಗೋಡೆಯೆಲ್ಲ ಸಮುದ್ರದ ಹವಳದ ಕಲ್ಲು. ಅಂಗಳದ ಕಡೆ ಅರ್ಧ ಕುಸಿದಿದ್ದ ಗೋಡೆಯನ್ನು ನನಗೆ ಒಪ್ಪಿಸಿದರು. ಆರು ದಿನದಲ್ಲಿ ಎಬ್ಬಿಸಿದೆ.

ಫೋರ್‌ಮನ್ ಬಂಟ್ವಾಳದ ಕಡೆಯ ಬ್ಯಾರಿ. ನೋಡಿದವನೇ ತಲೆಗೆ ಕೈಯಿಟ್ಟ.

"ಎಂತ ಮಾಡಿದ್ದು ಮಾರಾಯ? ಇಷ್ಟು ಸರಿ ಯಾಕೆ ಉಂಟು ಇದು?"

"ಸರಿ ಇದ್ರೆ ತಪ್ಪಾ?"

"ಇಲ್ಲಿ ತಪ್ಪೇ. ಹಳೇ ಗೋಡೆಗೆ ಹೊಟ್ಟೆ ಬಂದಿತ್ತಲ್ಲ, ಆ ಹೊಟ್ಟೆ ಎಲ್ಲಿ?"

"ಕರಗಿಸಿದೆ. ಬೇಕಾದ್ರೆ ನಿಮ್ಮದನ್ನೂ ಕರಗಿಸುವಾ."

ಅವನು ನಗಲಿಲ್ಲ. ಕುಸಿಯುವ ಮೊದಲು ತೆಗೆದ ಫೋಟೋ ತೋರಿಸಿದ. ಅದು ಹೇಗಿತ್ತೋ ಹಾಗೇ ಇರಬೇಕಂತೆ, ಸೊಟ್ಟ ಸಮೇತ.

"ಗುರುವಾರ ಇಂಜಿನಿಯರ್ ಮೇಡಂ ಬರ್ತಾರೆ. ಪಾಸ್ ಮಾಡದಿದ್ರೆ ಖಲಾಸ್, ನೀನು ವಾಪಸ್ ಮುಸಫ್ಫಾಕ್ಕೆ. ಬ್ಲಾಕ್ ಇಡ್ಲಿಕ್ಕೆ. ಯಲ್ಲಾ, ಕೆಡವು!"

ನನ್ನ ಗೋಡೆಯನ್ನು ನಾನೇ ಕೆಡವಿದೆ. ಉಳಿದದ್ದು ನಾಲ್ಕು ದಿನ. ಸೊಟ್ಟಗೆ ಕಟ್ಟುವುದು ಅಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಕಣ್ಣು ತಪ್ಪಿದರೆ ಸಾಕು, ಕೈ ತಾನಾಗಿ ನೇರಕ್ಕೆ ಓಡುತ್ತಿತ್ತು. ಕೊನೆಗೆ ತೂಗುಗುಂಡನ್ನು ಫೋರ್‌ಮನ್ನನ ಕೈಗೆ ಕೊಟ್ಟು, ಕೇಳಿದರೂ ಕೊಡಬೇಡಿ ಎಂದೆ. ನಾನಿದ್ದ ಅಲ್ ಕುಸೈಸ್‌ನ ರೂಮಿನಲ್ಲಿ ಉಣ್ಣಲು ಕೂತರೂ ಬೆರಳು ತಟ್ಟೆಯ ಅಂಚನ್ನು ಸವರಿ ಅಳೆಯುತ್ತಿತ್ತು.

ಗುರುವಾರ ಮೇಡಂ ಫೋಟೋ ಹಿಡಿದು ಗೋಡೆಯುದ್ದಕ್ಕೂ ಅಂಗೈ ಆಡಿಸಿದರು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ನಯಾ ಕಿಧರ್ ಹೈ?" ಎಂದರು. ಹೊಸದು ಎಲ್ಲಿಂದ ಶುರುವೆಂದು ಅವರಿಗೆ ಗೊತ್ತಾಗಿರಲಿಲ್ಲ. ಪಾಸ್.

ಫೋರ್‌ಮನ್ ಬೆನ್ನು ತಟ್ಟಿದ. ಆದರೆ ನನಗೆ ಗೊತ್ತಿತ್ತು: ಗೋಡೆಯಲ್ಲಿದ್ದ ದೀಪದ ಗೂಡಿನ ಕೆಳಗೆ, ಮೊಣಕಾಲೆತ್ತರದಲ್ಲಿ, ಒಂದು ಗೇಣು ನೇರವಾಗಿಬಿಟ್ಟಿತ್ತು. ಹೇಳಲಿಲ್ಲ. ಹೇಳಿದ್ದರೆ ಮುಸಫ್ಫಾ.

ಆಮೇಲೆ ರಜೆಯ ಶುಕ್ರವಾರ ರೂಮಿನಲ್ಲಿ ಕೂರಲಾಗುತ್ತಿರಲಿಲ್ಲ. ಮೆಟ್ರೋ ಹತ್ತಿ ಹೋಗುತ್ತಿದ್ದೆ. ಆ ಗೋಡೆಗೊರಗಿ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರು ಸರಿಯುವವರೆಗೆ ಕಾದು, ಕುಕ್ಕುರುಗಾಲಲ್ಲಿ ಕೂತು ಆ ಜಾಗ ಮುಟ್ಟಿ ನೋಡುತ್ತಿದ್ದೆ. ಒಮ್ಮೆ ಕಾವಲಿನವ ನನ್ನದೇನೋ ಬಿದ್ದಿದೆಯೆಂದುಕೊಂಡು ಕೇಳಿದ, "ಕ್ಯಾ ಗಿರಾ, ಭಾಯ್?"

"ಕುಛ್ ನಹೀ" ಎಂದು ಎದ್ದು ಬಂದೆ. ಮುಂದಿನ ಶುಕ್ರವಾರ ಮತ್ತೆ ಹೋದೆ.