ಯಾರೂ ಸಿಳ್ಳೆ ಹಾಕಲಿಲ್ಲ

ಎಲ್ಬ್ ನದಿಯ ದಂಡೆಯ ಆ ಊರಿನ ಒಪೆರಾ ಮನೆಗೆ ವಾದ್ಯವೃಂದದ ನಿರ್ದೇಶಕನಾಗಿ ಬಂದಾಗಿನಿಂದ ಎರ್ವಿನ್ ಟೀಟ್ಸೆ ಪ್ರತಿ ಚಳಿಗಾಲವೂ ಬದುಕಿರುವ ಸಂಗೀತಗಾರನೊಬ್ಬನ ಹೊಸ ಕೃತಿಯನ್ನು ಆಡಿಸುತ್ತಿದ್ದ. ಜನ ಅದು ಹಿಡಿಸದೆ ಸಿಳ್ಳೆ ಹಾಕಿ, ಕಾಲು ಕುಟ್ಟಿ ರಂಪ ಮಾಡುತ್ತಿದ್ದರು. ಮಾಂಸದಂಗಡಿಯ ಶ್ರಾಡರ್ ಅಂತೂ ಗಿರಾಕಿಗಳ ಮುಂದೆಯೇ ಹಂಗಿಸುತ್ತಿದ್ದ: "ಏನ್ ಮೇಷ್ಟ್ರೇ, ನಿನ್ನೆ ನಿಮ್ಮ ಸಂಗೀತ ಕೇಳಿ ನನ್ನ ಹಂದಿ ತಾನಾಗೇ ಬಂದು ಕತ್ತು ಕೊಡ್ತು!"

ಟೀಟ್ಸೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಬೈದವರೇ ಮುಂದಿನ ವರ್ಷವೂ ಟಿಕೆಟ್ ಕೊಳ್ಳುತ್ತಿದ್ದರು.

೧೯೩೩ರ ಫೆಬ್ರವರಿಯಲ್ಲಿ ಹೊಸ ಒಪೆರಾದ ಮೊದಲ ಪ್ರದರ್ಶನ. ಮುಂದಿನ ಸಾಲಿನ ತುಂಬ, ತಿಂಗಳ ಹಿಂದಷ್ಟೇ ಅಧಿಕಾರಕ್ಕೇರಿದ ಪಕ್ಷದ ಕಂದು ಅಂಗಿಯ ತರುಣರು ಕೈಕಟ್ಟಿ ಕುಳಿತಿದ್ದರು. ಅವರು ಸಿಳ್ಳೆ ಹಾಕಲಿಲ್ಲ, ಕೆಮ್ಮಲೂ ಇಲ್ಲ. ಅವರ ಹಿಂದಿದ್ದ ಊರವರೂ ಉಸಿರೆತ್ತಲಿಲ್ಲ. ಸಭೆಗೆ ಬೆನ್ನು ಮಾಡಿದ್ದ ಟೀಟ್ಸೆ ತಾಳದ ಕೋಲನ್ನು ಕೊನೆಯವರೆಗೂ ಆಡಿಸಿದ. ಕೊನೆಯ ಸ್ವರ ಅಡಗಿತು. ಒಂದು ಚಪ್ಪಾಳೆಯೂ ಬೀಳಲಿಲ್ಲ. ತಿರುಗಿ ನೋಡಿದರೆ ಶ್ರಾಡರ್ ತಲೆ ತಗ್ಗಿಸಿ ತನ್ನ ಟೋಪಿಯನ್ನೇ ನೋಡುತ್ತಿದ್ದ.

ಪಿಟೀಲಿನವರ ಮುಂದಾಳು, ಹಳೆಯ ಗೆಳೆಯ ಗುಸ್ತಾವ್ ಬೋಡೆ, ತುಟಿ ಅಲುಗಿಸದೆ ಅಂದ: "ಮನೆಗೆ ಹೋಗ್ಬೇಡ ಎರ್ವಿನ್. ಅಲ್ಲಿ ಬಾಗಿಲಲ್ಲಿ ಇವರ ಕಡೆಯವರು ಕಾಯ್ತಿದಾರೆ."

"ಯಾರಪ್ಪಾ ಹೇಳಿದ್ದು ನಿಂಗೆ?"

"ನನ್ನ ಮಗ. ಬಾಯಿ ಬಿಟ್ರೆ ನನ್ನನ್ನೂ ಬಿಡಲ್ಲ ಅಂದ. ಮುಂದಿನ ಸಾಲಲ್ಲೇ ಕೂತಿದಾನೆ, ನೋಡು."

ಟೀಟ್ಸೆ ನೋಡಿದ. ಹುಡುಗನಿಗೆ ತಂದೆಯದೇ ಮೂಗು, ತಂದೆಯದೇ ಗಲ್ಲ. ಕಣ್ಣುಗಳು ಮಾತ್ರ ತಂದೆಯ ಮೇಲೇ ನೆಟ್ಟಿದ್ದವು.

ಟೀಟ್ಸೆ ಎಂದಿನಂತೆ ಸಭೆಗೆ ತಲೆಬಾಗಿ, ಹಿಂಬಾಗಿಲಿನಿಂದ ನೇರ ರೈಲು ನಿಲ್ದಾಣಕ್ಕೆ ನಡೆದ. ಮರುದಿನ ಗಡಿ ದಾಟಿ ಪ್ರಾಗ್ ಸೇರಿದ. ಅಲ್ಲಿಂದ ಗುಸ್ತಾವನಿಗೆ ಎಷ್ಟೋ ಕಾಗದ ಬರೆದ; ಒಂದಕ್ಕೂ ಉತ್ತರ ಬರಲಿಲ್ಲ.