ಹಸಿರು ಚೀಟಿಯ ಕೆಳಗೆ

ನಮ್ಮಕ್ಕನಿಗೆ ಬೀದಿಯವರು ಇಟ್ಟ ಹೆಸರು ಚೀಟಿಯಕ್ಕ. ಮನೆಗಿಡಗಳ ಹುಳುವಿಗೆ ಹೊಡೆಯುವ ಔಷಧಿ ತುಂಬಿಸುವ ಪುಟ್ಟ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಬಾಟಲಿಗೆ ಚೀಟಿ ಅಂಟಿಸುವುದೇ ಅವಳ ಕೆಲಸ. ಮೇಲೊಂದು ಹಸಿರು ಎಲೆ, ಕೆಳಗೆ ದಪ್ಪಕ್ಷರದಲ್ಲಿ ‘ನೂರಕ್ಕೆ ನೂರು ನೈಸರ್ಗಿಕ’. ಬಾಟಲಿ ಚಿಕ್ಕದು, ಚೀಟಿ ದೊಡ್ಡದು. ಅದರ ಅಂಚು ಹಿಂಬದಿಯ ಸಣ್ಣಕ್ಷರಗಳನ್ನು ಮುಚ್ಚಿಬಿಡುತ್ತಿತ್ತು. “ಮುಚ್ಚಿದ್ರೆ ಮುಚ್ಲಿ, ಗುಳ್ಳೆ ಏಳಬಾರದು ಅಷ್ಟೇ” ಎಂದಿದ್ದರು ಯಜಮಾನರು. ಅಕ್ಕ ಹೆಬ್ಬೆರಳಲ್ಲಿ ತೀಡಿ ತೀಡಿ ಅಂಟಿಸಿದರೆ ಬ್ರಹ್ಮ ಬಂದರೂ ಕೀಳಲಾಗದು. ಅದೇ ಅವಳ ಹೆಮ್ಮೆ.

“ಮಗು ಇರೋ ಮನೆ ಕಣಕ್ಕಾ, ಆ ಬಾಟಲಿ ತರಬೇಡ” ಎಂದು ನಾನು ಎಷ್ಟು ಸಲ ಬೈದಿದ್ದೇನೋ.

“ನೈಸರ್ಗಿಕ ಕಣೇ, ಕುಡಿದ್ರೂ ಏನೂ ಆಗಲ್ಲ!”

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದರೆ ಕೇಳುವ ಪೈಕಿಯೇ ಅವಳು?

ಕಳೆದ ಭಾನುವಾರ ಬೆಳಿಗ್ಗೆ ಬಾಲ್ಕನಿಯ ಗುಲಾಬಿಗೆ ಅದನ್ನೇ ಸಿಂಪಡಿಸಿ, ಬಾಟಲಿಯನ್ನು ಕುಂಡದ ಪಕ್ಕ ಬಿಟ್ಟು ಒಳಗೆ ಬಂದಳು. ಸ್ವಲ್ಪ ಹೊತ್ತಿಗೆ ನೋಡಿದರೆ ಅವಳ ಮೂರು ವರ್ಷದ ಮೊಮ್ಮಗಳು ಅದರ ಮೂತಿ ಚೀಪುತ್ತಾ ಕೂತಿದ್ದಾಳೆ! ಜೊಲ್ಲು ಸುರಿಯಿತು, ಮೇಲಿಂದ ಮೇಲೆ ವಾಂತಿ, ಮುಖ ಬಿಳಿಚಿಕೊಂಡಿತು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಓಡಿದೆವು.

“ಏನು ಕುಡಿದಿದ್ದು?” ಎಂದರು ಡಾಕ್ಟರು.

“ನೈಸರ್ಗಿಕ, ಡಾಕ್ಟ್ರೇ” ಎಂದಳು ಅಕ್ಕ, ಬಾಟಲಿ ಚಾಚಿ.

“ಅದು ಹೆಸರಲ್ಲಮ್ಮ! ಒಳಗೇನಿದೆ ಹೇಳಿ, ಬೇಗ!”

ಅಕ್ಕ ಚೀಟಿಯನ್ನು ಉಗುರಿನಿಂದ ಕೆರೆದಳು. ಬರಲಿಲ್ಲ. ಉಗುಳು ಹಚ್ಚಿ ಉಜ್ಜಿದಳು, ಹಲ್ಲಿನಿಂದ ಕಚ್ಚಿ ಎಳೆದಳು. ಮಗುವಿನ ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತಿತ್ತು. “ಇಷ್ಟು ಗಟ್ಟಿಯಾಗಿ ಯಾಕೆ ಅಂಟಿಸ್ದೆ ಮಹರಾಯ್ತಿ!” ಎಂದು ನಾನು ಕಿರುಚಿದೆ. ಕೊನೆಗೂ ಅಂಚು ಹರಿದು ಅಕ್ಷರಗಳು ಕಂಡವು: ತಂಬಾಕಿನ ಸಾರ. ವಿಷ. ಮಕ್ಕಳಿಂದ ದೂರವಿಡಿ. ತಂಬಾಕೂ ಗಿಡವೇ ತಾನೇ, ಯಜಮಾನರು ಸುಳ್ಳೇನೂ ಬರೆಸಿರಲಿಲ್ಲ. ಡಾಕ್ಟರು ಮಗುವನ್ನು ಒಳಗೆ ಎತ್ತಿಕೊಂಡು ಹೋದರು.

ಸಂಜೆ ಹೊತ್ತಿಗೆ ಮಗು ಕಣ್ಣು ಬಿಟ್ಟು ನೀರು ಕೇಳಿತು. ನಾನು ಗೋಡೆಗೆ ಒರಗಿ ಅತ್ತೇಬಿಟ್ಟೆ. ಅಕ್ಕ ಮಾತ್ರ ಹರಿದ ಚೀಟಿಯ ಬಾಟಲಿಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

“ಗಂಡಾಂತರ ಕಳೀತಲ್ಲ, ಇನ್ನೇನಕ್ಕಾ ಭಯ?” ಎಂದೆ.

“ದಿನಕ್ಕೆ ಇನ್ನೂರು ಅಂಟಿಸ್ತೀನಿ ಕಣೇ. ಅವು ಹೋದ ಮನೆಗಳಲ್ಲಿ ಮಕ್ಕಳಿರಲ್ವಾ? ಅಲ್ಲಿ ಡಾಕ್ಟ್ರು ಕೇಳಿದಾಗ, ಚೀಟಿ ಕಿತ್ತು ನೋಡ್ಬೇಕು ಅಂತ ಯಾರಿಗೆ ಗೊತ್ತಿರುತ್ತೆ?”